ಅಕ್ಕೋರ ಗೇಣು

ಮೂವತ್ತು ವರ್ಷದಿಂದ ಕಾರವಾರದಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಹಿಂದಿನ ಕೋಣೆಯಲ್ಲಿ ಕ್ಯಾಮೆರಾ ರಿಪೇರಿ. ನೀರಿಗೆ ಬಿದ್ದದ್ದು, ಮರಳು ತುಂಬಿಕೊಂಡದ್ದು, ಮದುವೆ ಮನೆಯಲ್ಲಿ ಯಾರದೋ ಕಾಲಿಗೆ ಸಿಕ್ಕಿ ಒಡೆದದ್ದು ಎಲ್ಲ ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಗಿರಾಕಿಗಳಲ್ಲಿ ಬೈಯುವವರಿದ್ದಾರೆ, ಕೊಟ್ಟುಹೋಗಿ ಎರಡು ವರ್ಷ ಇತ್ತ ತಲೆ ಹಾಕದವರಿದ್ದಾರೆ. ಅವರನ್ನೆಲ್ಲ ಸಹಿಸಿಕೊಳ್ಳಬಹುದು. ಆದರೆ ಕೆಟ್ಟ ವಸ್ತುವನ್ನು ಕಣ್ಣೆದುರಿಗೇ ಇಟ್ಟು, ಇದನ್ನು ಸರಿ ಮಾಡಬೇಡ ಎನ್ನುವವರನ್ನು ಏನು ಮಾಡುವುದು? ಅಂಥ ಗಿರಾಕಿ ನನಗೆ ಒಬ್ಬರೇ ಇದ್ದರು. ಈ ವರ್ಷದ ಜೂನಿನಲ್ಲಿ ತೀರಿಕೊಂಡರು.

ಅವರು ಮೂರನೇ ಇಯತ್ತೆಯಲ್ಲಿ ನನಗೆ ಕಲಿಸಿದವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ, ಇಲ್ಲಿಯೂ ಅದು ಬೇಡ. ಗಿಡ್ಡ ಆಳು, ಸಣ್ಣ ಕೈ, ದೊಡ್ಡ ಕೊಡೆ. ಅಂಕೋಲೆಯ ಕಡೆಯವರು. ನಮ್ಮ ಕೋಡಿಬಾಗದಲ್ಲಿ ಬಾಡಿಗೆಗಿದ್ದು ಏಳೆಂಟು ವರ್ಷ ಕಲಿಸಿ, ವರ್ಗವಾಗಿ ಊರಿಗೆ ಹೋಗಿದ್ದರು. ಮಕ್ಕಳಿಗೆ ಏನು ತೋರಿಸಿದರೂ ಅವರದು ಒಂದೇ ಮಾತು, ಹತ್ತಿರ ಬಂದು ನೋಡು ಎಂದು. ಹೋದರೆ, ಇನ್ನೂ ಹತ್ತಿರ ಎನ್ನುತ್ತಿದ್ದರು. ಎಲೆಯ ಬೆನ್ನು, ಮಿಡತೆಯ ಕಾಲು, ಸೀಮೆಸುಣ್ಣದ ಪುಡಿ, ಎಲ್ಲಕ್ಕೂ ಮೂಗು ತಾಗಿಸಬೇಕಾಗಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಸ್ಸಿಳಿದು ಅಂಗಡಿಗೆ ಬಂದರು. ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ತುಂಬ ಹುರಿದ ಕೆಂಪಕ್ಕಿ. ಅಕ್ಕಿಯೊಳಗೆ ಕೈ ಹಾಕಿ ಬಟ್ಟೆಯ ಗಂಟೊಂದನ್ನು ಎತ್ತಿದರು, ಬಿಚ್ಚಿದರೆ ಹಳೇ ಜಪಾನಿ ಲೆನ್ಸು. ಸಣ್ಣ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸು, ಪೂರಾ ಲೋಹದ್ದು, ಕಡಿಮೆಯೆಂದರೂ ನಲವತ್ತು ವರ್ಷದ್ದು. ಅವರ ಯಜಮಾನರು ಬೇಲೆಕೇರಿ ಬಂದರಿನಲ್ಲಿ ಗುಮಾಸ್ತರಾಗಿದ್ದಾಗ ಅದಿರು ತುಂಬಲು ಬಂದ ಹಡಗಿನ ಪರದೇಶಿ ನಾವಿಕನೊಬ್ಬ ಒಂದು ಬುಟ್ಟಿ ಕರಿ ಇಶಾಡು ಮಾವಿನಹಣ್ಣಿಗೆ ಅದನ್ನು ಬಿಟ್ಟುಹೋಗಿದ್ದನಂತೆ. ಯಜಮಾನರು ಅದನ್ನು ಒಂದು ದಿನವೂ ಬಳಸಲಿಲ್ಲ. ಅವರು ಹೋದ ಮೇಲೆ ಕಪಾಟು ತೆರೆದಾಗ ಸಿಕ್ಕಿತಂತೆ. ಸಮುದ್ರದ ಗಾಳಿಗೆ ಬೂಸು ಹಿಡಿಯಬಾರದೆಂದು ಹುರಿದಕ್ಕಿಯಲ್ಲಿ ಹೂತಿಟ್ಟದ್ದು ಅಕ್ಕೋರ ಸ್ವಂತ ಬುದ್ಧಿ. ಅಕ್ಕಿಯ ಧೂಳು ಲೆನ್ಸಿನ ಸಂದಿಗಳಿಗೆಲ್ಲ ನುಗ್ಗಿತ್ತು.

ಸ್ಪಷ್ಟತೆ ಹೊಂದಿಸಲು ತಿರುಗಿಸುವ ರಿಂಗು ಅಲ್ಲಾಡುತ್ತಿರಲಿಲ್ಲ. ಒಳಗಿನ ಗ್ರೀಸು ಒಣಗಿ ಕಲ್ಲಾಗಿತ್ತು. ಅದು ನಿಂತಲ್ಲಿ ನಿಂತುಬಿಟ್ಟದ್ದರಿಂದ ಲೆನ್ಸಿನ ಬಾಯಿಂದ ಸರಿಯಾಗಿ ಒಂದು ಗೇಣು ದೂರದಲ್ಲಿದ್ದದ್ದು ಮಾತ್ರ ಚೂಪಾಗಿ ಬರುತ್ತಿತ್ತು. ಅದಕ್ಕಿಂತ ಬೆರಳಗಲ ಈಚೆಗಿದ್ದರೂ ಮಂಜು, ಆಚೆಗಿದ್ದರೂ ಮಂಜು. ಒಂದು ತಾಸು ಕೊಡಿ, ಬಿಚ್ಚಿ ಹೊಸ ಗ್ರೀಸು ಹಾಕಿಕೊಡುತ್ತೇನೆ ಎಂದೆ.

"ತಮಾ, ಬಳೆಗೆ ಕೈ ಹಚ್ಬೇಡ," ಅಂದರು. ಆ ರಿಂಗಿಗೆ ಅವರು ಬಳೆ ಎನ್ನುತ್ತಿದ್ದರು. "ಅದು ತಿರುಗ್ದಿದ್ರೆ ಬಿಡು. ನಾನೇ ಹಿಂದೆ ಮುಂದೆ ಆಗ್ತೆ."

ನಾನು ಅಡಾಪ್ಟರ್ ಒಂದನ್ನು ಹುಡುಕಿ, ಅಂಗಡಿಯಲ್ಲಿದ್ದ ಹಳೇ ಡಿಜಿಟಲ್ ಕ್ಯಾಮೆರಾಕ್ಕೆ ಆ ಲೆನ್ಸು ಕೂರಿಸಿಕೊಟ್ಟೆ. ಆಮೇಲೆ ನಾಲ್ಕು ವರ್ಷ ಅವರ ಕೆಲಸದ ರೀತಿ ನೋಡಿ ನೋಡಿ ನನ್ನ ತಲೆ ಕೆಟ್ಟಿತು. ಎಡಗೈಯ ಹೆಬ್ಬೆರಳನ್ನು ಲೆನ್ಸಿನ ಅಂಚಿಗೆ ಇಡುವುದು, ಅಂಗೈ ಬಿಡಿಸುವುದು, ಕಿರುಬೆರಳು ವಸ್ತುವಿಗೆ ತಾಗುವವರೆಗೆ ಮುಂದೆ ಬಾಗುವುದು, ಕೈ ತೆಗೆದು ಉಸಿರು ಹಿಡಿದು ಒತ್ತುವುದು. ಬೆಳಕಿನ ಕಿಂಡಿ ಎಷ್ಟು ತೆರೆಯಬೇಕೆಂಬುದನ್ನೂ ಅಂಕಿ ನೋಡಿ ಹೊಂದಿಸುತ್ತಿರಲಿಲ್ಲ. ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎರಡು ಸಲ ಕಟ್ ಕಟ್ ಎನ್ನಿಸಿ ಬಿಡುತ್ತಿದ್ದರು. ಕ್ಯಾಮೆರಾದ ಹಿಂದಿನ ಪರದೆಯ ಕಡೆ ಕಣ್ಣೇ ಹಾಯಿಸುತ್ತಿರಲಿಲ್ಲ. ಈಗಿನ ಲೆನ್ಸು ಕಣ್ಣು ಮಿಟುಕಿಸುವುದರೊಳಗೆ ತಾನೇ ಹೊಂದಿಸಿಕೊಳ್ಳುತ್ತದೆ, ಒಂದು ತಕ್ಕೊಳ್ಳಿ ಎಂದು ಎಷ್ಟು ಸಲ ಹೇಳಿದೆನೋ. ನಕ್ಕು ಕೊಡೆ ಬಿಡಿಸಿಕೊಂಡು ಹೋಗುತ್ತಿದ್ದರು.

ಹೊಲ, ಹೂವು, ಹುಳ ಮಾತ್ರ ಆಗಿದ್ದರೆ ಸರಿ. ಅಕ್ಕೋರು ಅದೇ ಲೆನ್ಸಿನಲ್ಲಿ ಲೋಕವನ್ನೆಲ್ಲ ತೆಗೆಯಲು ಹೊರಟಿದ್ದರು. ಬಸ್ಸಿನಲ್ಲಿ ಕಂಡಕ್ಟರನ ಕಿವಿಯ ಸಂದಿಯಲ್ಲಿದ್ದ ಪೆನ್ನು, ಮೀನುಪೇಟೆಯಲ್ಲಿ ಹೆಂಗಸರ ಗೆಣ್ಣುಗಳಿಗೆ ಅಂಟಿದ ಮೀನಿನ ಹುರುಪೆ. ಒಬ್ಬಾಕೆ ಸೆರಗು ಸರಿಮಾಡಿಕೊಂಡು, ನನ್ನ ಮುಖ ತೆಗೆಯಿರಿ ಅಕ್ಕೋರೆ, ಬೆರಳು ಯಾರಿಗೆ ಬೇಕು ಎಂದು ಜಗಳಕ್ಕೇ ನಿಂತಳಂತೆ. ಮುಖ ತೆಗೆಯಲು ನನ್ನ ಶಿಷ್ಯನ ಸ್ಟುಡಿಯೋ ಇದೆ, ಹೋಗು ಎಂದು ನನ್ನ ವಿಳಾಸ ಕೊಟ್ಟು ಕಳಿಸಿದರು. ಅವಳು ಬಂದಳು ಕೂಡ. ನನ್ನನ್ನೂ ಬಿಟ್ಟವರಲ್ಲ. ಮೊದಲ ದಿನವೇ ಕೌಂಟರಿನ ಮೇಲೆ ಬಾಗಿ ನನ್ನ ಅಂಗಿಯ ಎರಡನೇ ಗುಂಡಿಯ ಫೋಟೊ ತೆಗೆದರು. ನಾಲ್ಕು ತೂತು, ಬಿಳಿ ದಾರದ ನಡುವೆ ಹೆಂಡತಿ ಹೊಲಿದ ನೀಲಿ ದಾರದ ಒಂದು ಎಳೆ. ಆ ನೀಲಿ ಎಳೆ ಇದ್ದದ್ದು ನನಗೇ ಗೊತ್ತಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಕಾರ್ಡು ತಂದು ಪ್ರಿಂಟು ಹಾಕಿಸುತ್ತಿದ್ದರು. ಸಣ್ಣ ಪ್ರಿಂಟು ಆಗದು, ಗೋಡೆಗೆ ಹಾಕುವ ಅಳತೆಯದೇ ಬೇಕು. ಇರುವೆಯೊಂದಕ್ಕೆ ಇಷ್ಟು ದೊಡ್ಡ ಕಾಗದವೇ ಎಂದು ನಾನು ಗೊಣಗುತ್ತಿದ್ದೆ. ಪ್ರಿಂಟು ಕೈಗೆ ಬಂದ ಕೂಡಲೇ ಮುಖದ ಹತ್ತಿರ ಹಿಡಿದು, ತಲೆಯನ್ನು ಓರೆ ಮಾಡಿ, ಪಕ್ಕದಿಂದ ನೋಡುತ್ತಿದ್ದರು. ಆಮೇಲೆ ತಪ್ಪದೆ ಕೇಳುತ್ತಿದ್ದರು, ಚೂಪಾಗಿ ಬಂದಿದೆಯೋ ಎಂದು. ತೆಗೆದವರು ಅವರು, ಪ್ರಿಂಟು ಇರುವುದು ಅವರ ಕೈಯಲ್ಲಿ, ಕೇಳುವುದು ನನ್ನನ್ನು. ಮುದುಕಿಗೆ ಹೊಗಳಿಕೆಯ ಚಟ ಎಂದುಕೊಂಡಿದ್ದೆ. ಬಂದಿದೆ ಎಂದರೆ ಚೀಲದಿಂದ ಕೆಂಪು ಪೆನ್ನು ತೆಗೆದು ಹಿಂಬದಿಗೆ ಮಾರ್ಕು ಹಾಕುತ್ತಿದ್ದರು, ಹತ್ತಕ್ಕೆ ಆರು, ಹತ್ತಕ್ಕೆ ಏಳು. ಏಳು ದಾಟಿದ್ದು ನಾನು ಕಾಣೆ.

ಈ ಸಾಹಸವೆಲ್ಲ ಯಾತಕ್ಕೆಂಬುದನ್ನು ಅವರು ಮುಚ್ಚಿಟ್ಟವರಲ್ಲ. ಅವರಿಗೆ ಭತ್ತದ ಹೂವಿನ ಫೋಟೊ ಬೇಕಾಗಿತ್ತು. ತವರಿನವರಿಗೆ ಅಂಕೋಲೆಯ ಹಿನ್ನೀರಿನ ದಡದಲ್ಲಿ ಗಜನಿ ಗದ್ದೆ ಇತ್ತು, ಭರತಕ್ಕೆ ಉಪ್ಪುನೀರು ನುಗ್ಗುವಂಥದ್ದು. ಆ ನೀರಲ್ಲೂ ಬದುಕುವ ಕಗ್ಗ ಎಂಬ ಭತ್ತ ಅಲ್ಲಿ ಬೆಳೆಯುತ್ತದೆ, ಡಬ್ಬಿಯಲ್ಲಿದ್ದ ಕೆಂಪಕ್ಕಿಯೂ ಅದರದೇ. ಸೆಪ್ಟೆಂಬರಿನಲ್ಲಿ ತೆನೆ ಹೊರಟ ಮೇಲೆ ಒಂದು ವಾರ, ಹತ್ತು ದಿನ ಅದು ಹೂ ಬಿಡುತ್ತದೆ. ಬೆಳಗಿನ ಹತ್ತರ ಸುಮಾರಿಗೆ ಒಂದೊಂದೇ ಹೊಟ್ಟು ಬಾಯಿ ತೆರೆದು ಬಿಳಿ ಎಳೆಗಳನ್ನು ಹೊರಗೆ ಬಿಟ್ಟು, ಒಂದು ತಾಸಿನೊಳಗೆ ಮುಚ್ಚಿಕೊಳ್ಳುತ್ತದೆ. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಇದನ್ನು ಅವರು ಮೂರನೇ ಇಯತ್ತೆಯಲ್ಲಿ ನಮಗೆ ಹೇಳಿದ್ದರು. ಹೊಳೆಯ ದಂಡೆಯಲ್ಲಿ ಬೆಳೆದ ನನಗೆ ಅಕ್ಕಿಯೆಂದರೆ ರೇಷನ್ ಚೀಲ. ಎದ್ದು ನಿಂತು, ಸುಳ್ಳು, ಭತ್ತಕ್ಕೆ ಹೂವೇ ಇಲ್ಲ ಎಂದೆನಂತೆ. ತರಗತಿ ಗೊಳ್ಳೆಂದಿತಂತೆ. ಪುಸ್ತಕದಲ್ಲಿ ಇದ್ದದ್ದು ದಾಸವಾಳದ ಚಿತ್ರ ಒಂದೇ, ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ. ನನಗೆ ಇದ್ಯಾವುದೂ ನೆನಪಿಲ್ಲ. ಅವರು ಮರೆತಿರಲಿಲ್ಲ.

"ಇಲ್ಲ ಅಂದಂವ ನೀನೇ ಅಲ್ಲಾ? ನಿಂಗೆ ತೋರ್ಸ್ದೆ ನಾ ಸಾಯೂದಿಲ್ಲ," ಎಂದು ಗಿರಾಕಿಗಳ ಮುಂದೆಯೇ ಹೇಳುತ್ತಿದ್ದರು.

ಮೊದಲ ವರ್ಷ ಆ ಹತ್ತು ದಿನವೂ ಮಳೆ. ಎರಡನೇ ವರ್ಷ ಹತ್ತಕ್ಕೇ ಗಾಳಿ ಎದ್ದು ತೆನೆ ಒಂದು ಕ್ಷಣ ನಿಲ್ಲಲಿಲ್ಲ. ಮೂರನೇ ವರ್ಷ ಗಾಳಿಗೆ ಅಡ್ಡ ಪಂಚೆ ಹಿಡಿಯಲು ಬಾ ಎಂದು ನನ್ನನ್ನು ಕರೆದರು. ಒಪ್ಪಿಕೊಂಡೆ, ಹೋಗಲಿಲ್ಲ. ಚಿತ್ತಾಕುಲದಲ್ಲಿ ಒಂದು ಮಗುವಿನ ಬಾರಸೆಯ, ಹೆಸರಿಡುವ ಶಾಸ್ತ್ರದ, ಫೋಟೊ ತೆಗೆಯುವುದಿತ್ತು. ನಾಲ್ಕನೆಯದು ಹೋದ ವರ್ಷ. ಅಣ್ಣನ ಮಕ್ಕಳು ಕಟ್ಟೆ ಒಡೆದು ಗದ್ದೆಯನ್ನು ಸಿಗಡಿ ಸಾಕಲು ಬಿಡುತ್ತಾರೆ, ಕಗ್ಗ ಬಿತ್ತುವುದು ಇದೇ ಕೊನೆ ಎಂದು ಜುಲೈಯಲ್ಲೇ ಬಂದು ಹೇಳಿದರು. ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಾ ಹೌದಾ ಎಂದೆ.

ಆಗಸ್ಟಿನಲ್ಲಿ ಡಬ್ಬಿ ಸಮೇತ ಲೆನ್ಸು ತಂದುಕೊಟ್ಟರು. ಅಷ್ಟು ಅಕ್ಕಿ ಇದ್ದೂ ಒಳಗಾಜಿಗೆ ಬೂಸು ಹಿಡಿದಿತ್ತು. ಗಾಜು ಒರೆಸು, ಬಳೆಗೆ ಕೈ ಹಚ್ಚಬೇಡ ಎಂದು ಎರಡು ಸಲ ಹೇಳಿ ಹೋದರು.

ಗಾಜು ಒರೆಸಲು ಲೆನ್ಸು ಬಿಚ್ಚಬೇಕು. ಬಿಚ್ಚಿದೆ. ಕಲ್ಲಾದ ಗ್ರೀಸು ಎದುರಿಗೇ ಇದೆ, ಹೊಸ ಗ್ರೀಸಿನ ಡಬ್ಬಿ ಕೈಯಳತೆಯಲ್ಲಿ. ನನ್ನ ಕಸುಬಿನವರು ಯಾರಾದರೂ ಅದನ್ನು ಹಾಗೇ ಮುಚ್ಚಿ ಸ್ಕ್ರೂ ಬಿಗಿಯುತ್ತಾರಾ, ನೀವೇ ಹೇಳಿ. ನಾಲ್ಕು ವರ್ಷದ ಸಿಟ್ಟು ಬೇರೆ ಇತ್ತು. ಎಳೆ ಎಳೆಯಾಗಿ ತಿಕ್ಕಿ ತೊಳೆದೆ. ಒಂದು ಬೆರಳಿಗೆ ತಿರುಗುವಂತೆ ಮಾಡಿದೆ. ಮೂವತ್ತು ವರ್ಷದಲ್ಲಿ ಅಷ್ಟು ಚೆಂದದ ಕೆಲಸ ನಾನು ಮಾಡಿಲ್ಲ. ಅಕ್ಕೋರು ಬಂದಾಗ ಏನೂ ಹೇಳದೆ ಕೈಯಲ್ಲಿಟ್ಟೆ, ಮೆಚ್ಚಲಿ ಎಂದು. ರಿಂಗನ್ನು ಆಚೆ ಈಚೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು.

"ಬೆಣ್ಣೆ ಹಂಗೆ ಆಗ್ಯದೆ," ಅಂದರು. ಲೆನ್ಸನ್ನು ಅಕ್ಕಿಯೊಳಗೆ ಇಟ್ಟುಕೊಂಡು ಹೊರಟರು. ಬೈಯಲಿಲ್ಲ. ಒಳ್ಳೆಯದಾಗಲಿ ಎಂದು ತಪ್ಪು ಮಾಡಿದ ಮಕ್ಕಳಿಗೆ ಅವರು ಶಾಲೆಯಲ್ಲೂ ಬೈದವರಲ್ಲ. ಖುಷಿಗೆ ಅವರಿಗೆ ಮಾತು ಹೊರಡಲಿಲ್ಲ ಎಂದು ನಾನು ಅಂದುಕೊಂಡೆ.

ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಮಧ್ಯಾಹ್ನ ಸೀರೆಯ ಅಂಚಿನಲ್ಲಿ ಕೆಸರು ಇರುವಂತೆಯೇ ಬಂದರು. ಲೆನ್ಸಿನ ರಿಂಗಿಗೆ ದಾರ ಸುತ್ತಿ ಕಟ್ಟಿದ್ದರು, ನನ್ನ ಚೆಂದದ ಕೆಲಸದ ಮೇಲೆ. ನನಗೆ ಮೈ ಉರಿಯಿತು. ಅಂಗಡಿಯಲ್ಲಿ ಅರ್ಜಿಯ ಫೋಟೊಕ್ಕೆ ಬಂದವರ ಸಾಲು. ಇವತ್ತು ಗಾಳಿಯೇ ಇರಲಿಲ್ಲ, ಇನ್ನೂ ನಾಲ್ಕು ದಿನ ಹೂವಿದೆ, ಬಂದಿಲ್ಲವಾದರೆ ನಾಳೆ ಮತ್ತೆ ಗದ್ದೆಗೆ ಇಳಿಯುತ್ತೇನೆ, ಈಗಲೇ ನೋಡಿ ಹೇಳು ಎಂದರು. ಕಾರ್ಡು ಹಾಕಿ ಕಂಪ್ಯೂಟರಿನಲ್ಲಿ ತೆರೆದೆ. ಹಸುರು ಮಂಜಿನ ಮೇಲೆ ಬಿಳಿ ಮಂಜು. ಇಪ್ಪತ್ತು ಫೋಟೊ ಇದ್ದವು, ಇಪ್ಪತ್ತೂ ಹಾಗೇ.

"ಬಾಯಿ ಬಿಟ್ಟದ್ದು ಕಾಣ್ತದ್ಯೋ?" ಎಂದು ಕೇಳಿದರು. "ಎಳೆ ಹೊರಗೆ ಜೋತದ್ದು?"

ಪರದೆ ಅವರ ಮುಂದೆಯೂ ಇತ್ತು. ಕಣ್ಣೆದುರು ಇರುವುದನ್ನು ನನ್ನ ಬಾಯಿಂದ ಯಾಕೆ ಹೇಳಿಸಬೇಕು? ಹಿಂದೆ ನಿಂತವನೊಬ್ಬ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದ. ಇವರಿಗೆ ಬೇಕಾದದ್ದು ಹೊಗಳಿಕೆ ತಾನೆ, ಕೊಟ್ಟು ಕಳಿಸೋಣ ಅನ್ನಿಸಿತು.

"ಕಾಣ್ತದೆ ಅಕ್ಕೋರೆ. ಚೊಲೋ ಬಂದದೆ."

"ಹಂಗಾರೆ ಸಾಕು," ಅಂದು ಬೆಂಚಿನ ಮೇಲೆ ಕೂತರು. ನೀರು ಕೇಳಿ ಕುಡಿದರು. ನಾಳೆ ಬೆಳಿಗ್ಗೆ ಮತ್ತೆ ಗದ್ದೆಗೆ ಬಸ್ಸು ಹಿಡಿಯುವ ಕಷ್ಟ ತಪ್ಪಿತು, ಮಂಡಿ ನೋಯುತ್ತಿದೆ ಎಂದು ಪಕ್ಕದವನ ಹತ್ತಿರ ಹೇಳುತ್ತಿದ್ದರು.

ಒಂದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಬೇಕಾಗಿತ್ತು. ನಾನು ನೆಪ ಹೇಳಿ ಒಂದೂವರೆ ತಿಂಗಳು ತಳ್ಳಿದೆ. ಅಷ್ಟರಲ್ಲಿ ಕೊಯ್ಲೂ ಮುಗಿಯಿತು. ಕೊನೆಗೆ ಇದ್ದುದರಲ್ಲಿ ವಾಸಿಯೊಂದನ್ನು ಪ್ರಿಂಟು ಮಾಡಿ, ಕೆಳಮೂಲೆಗೆ ರೂಢಿಯಂತೆ ಸ್ಟುಡಿಯೋದ ಹೆಸರು ಹೊಡೆದು ಕೊಟ್ಟೆ. ಅಕ್ಕೋರು ಅದನ್ನು ಮುಖದ ಹತ್ತಿರ ಹಿಡಿದು ಓರೆಯಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಕೆಂಪು ಪೆನ್ನು ತೆಗೆದು ಹಿಂದೆ ಬರೆದರು, ಹತ್ತಕ್ಕೆ ಒಂಬತ್ತು. ಒಂದು ಕಳೆದದ್ದು ನಾನು ತಡ ಮಾಡಿದ್ದಕ್ಕಂತೆ. ಈಗಲಾದರೂ ಭತ್ತಕ್ಕೆ ಹೂವಿದೆ ಎಂದು ಒಪ್ಪುತ್ತೀಯೋ ಎಂದು ಕೇಳಿದರು. ಒಪ್ಪಿದೆ ಎಂದೆ. ಚಿತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದದ್ದೇ ನಾನು ಅವರನ್ನು ಕೊನೆಗೆ ಕಂಡದ್ದು.

ಈ ಜುಲೈಯಲ್ಲಿ ಅವರ ಅಣ್ಣನ ಮಗಳು ಆ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. ಅಂಕೋಲೆಯ ಯಾವುದೋ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಇದು ನಿಮಗೇ ಸೇರಬೇಕೆಂದು ಅತ್ತೆ ಹೇಳಿದ್ದರು ಎಂದಳು. ನಾನು ಸುಮ್ಮನಿರಲಾರದೆ, ಕೊನೆಕೊನೆಗೆ ನಿಮ್ಮ ಅತ್ತೆಯ ಫೋಟೊಗಳು ಹದ ತಪ್ಪಿದ್ದವು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅತ್ತೆಗೆ ಕಣ್ಣಿನ ನಡೂಗೆ ಕಾಣ್ತಿರ್ಲಿಲ್ಲ. ನಾಲ್ಕು ವರ್ಷ ಆಗಿತ್ತು. ನಿಮ್ಗೆ ಹೇಳ್ಲಿಲ್ವಾ?"

ಸುತ್ತಲಿನದು ಕಾಣುತ್ತಿತ್ತಂತೆ, ದಿಟ್ಟಿಸಿದಲ್ಲಿ ಮಾತ್ರ ಹೊಗೆ. ಹುಬ್ಬಳ್ಳಿಯ ಡಾಕ್ಟರು ಇದಕ್ಕೆ ರಿಪೇರಿ ಇಲ್ಲ ಎಂದು ಕಳಿಸಿದ್ದರಂತೆ. ಸಣ್ಣದೆಲ್ಲ ಕಣ್ಣಿಗೆ ತಪ್ಪಿಹೋಗುತ್ತಿದೆ, ದೊಡ್ಡದು ಮಾಡಿ ಓರೆಯಿಂದಾದರೂ ನೋಡಬೇಕು ಎಂದೇ ಅವರು ಕ್ಯಾಮೆರಾ ಹಿಡಿದದ್ದು. ದೂರವನ್ನು ಕೈಯಲ್ಲಿ ಅಳೆದರು, ಬೆಳಕನ್ನು ಕಿವಿಯಲ್ಲಿ ಎಣಿಸಿದರು. ಬಂದ ಚಿತ್ರದಲ್ಲಿರುವುದು ತನ್ನ ಕಣ್ಣಿನ ಮಂಜೋ ಕಾಗದದ ಮಂಜೋ ಎಂದು ತಿಳಿಯುವ ದಾರಿ ಅವರಿಗಿದ್ದದ್ದು ಒಂದೇ, ನನ್ನನ್ನು ಕೇಳುವುದು. ನನಗೂ ಕಣ್ಣಿದ್ದವು. ಓರೆ ನೋಟ, ಗೇಣು, ಕಟ್ ಕಟ್, ಗೋಡೆಯಳತೆಯ ಕಾಗದ, ಎಲ್ಲ ನನ್ನ ಮುಂದೆಯೇ ನಡೆದಿತ್ತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುತ್ತಿಲ್ಲ. ಮುಚ್ಚಿಟ್ಟುಕೊಂಡು ಹೋದರಲ್ಲ ಎಂದು ಅವರ ಮೇಲೂ ಬರುತ್ತದೆ. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಾಗೆಂದುಕೊಂಡ ಕೂಡಲೇ, ಎರಡು ಸಲ ಕೈ ಹಚ್ಚಬೇಡ ಎಂದದ್ದು ಕಿವಿಯಲ್ಲಿ ಕೇಳುತ್ತದೆ.

ಅವಳು ಹೋದ ಮೇಲೆ ಲೆನ್ಸು ತೆಗೆದೆ. ದಾರ ಹಾಗೇ ಇತ್ತು, ಅವರು ಅಂದಾಜಿಗೆ ಕಟ್ಟಿದ್ದು. ಅಂಚಿಗೆ ಹೆಬ್ಬೆರಳು ಇಟ್ಟು ನನ್ನ ಗೇಣು ಬಿಡಿಸಿ ಒಂದು ಫೋಟೊ ತೆಗೆದೆ. ಮಂಜು. ದಾರ ಬಿಚ್ಚಿ, ನನ್ನ ಗೇಣಿಗೆ ಚೂಪಾಗುವಂತೆ ರಿಂಗು ತಿರುಗಿಸಿದೆ. ಆಗ ನೆನಪಾಯಿತು, ಬೇಕಾದದ್ದು ನನ್ನ ಗೇಣಲ್ಲ. ಅವರ ಕೈ ಸಣ್ಣದು. ಅಂಗಡಿಯಲ್ಲೇ ಉಳಿದಿದ್ದ ಗುಂಡಿಯ ಹಳೇ ಪ್ರಿಂಟನ್ನು ಹುಡುಕಿ, ಅದೇ ಅಂಗಿ ತರಿಸಿ, ಗುಂಡಿ ಆ ಪ್ರಿಂಟಿನಲ್ಲಿದ್ದಷ್ಟೇ ದೊಡ್ಡದಾಗಿ, ಅಷ್ಟೇ ಚೂಪಾಗಿ ಬರುವವರೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಅರ್ಧ ದಿನ ಹಿಡಿಯಿತು. ಆ ಜಾಗ ಸಿಕ್ಕಿತು. ಅಳೆದರೆ ನನ್ನ ಗೇಣಿಗಿಂತ ಎರಡು ಬೆರಳು ಕಡಿಮೆ. ಸಣ್ಣ ಸ್ಕ್ರೂ ಕೊರೆದು ರಿಂಗನ್ನು ಅಲ್ಲೇ ಬಿಗಿದುಬಿಟ್ಟೆ. ನಾನೇ ಸರಿ ಮಾಡಿದ್ದನ್ನು ಮತ್ತೆ ಕೆಡಿಸಿದ ಹಾಗಾಯಿತು, ಆದರೆ ಆ ಗದ್ದೆಯಲ್ಲಿ ಈಗ ಸಿಗಡಿ ಇದೆ. ಡಬ್ಬಿಯ ತುಂಬ ಕಗ್ಗವೇ ಇದೆಯಲ್ಲ, ಬಿತ್ತಿದರೆ ಎಂದು ಒಂದು ಕ್ಷಣ ಹುಚ್ಚು ಆಸೆ ಬಂತು. ಅದು ಅಕ್ಕಿ, ಅದೂ ಹುರಿದದ್ದು.

ಆ ಚಿತ್ರವನ್ನು ಅಕ್ಕೋರು ಎಲ್ಲಿಟ್ಟಿದ್ದರು ಎಂದು ಅಣ್ಣನ ಮಗಳಿಗೆ ಫೋನು ಮಾಡಿ ಕೇಳಿದೆ. ನಾನು ಓದಿದ ಶಾಲೆಗೇ ಕೊಟ್ಟಿದ್ದರು. ಮರುದಿನ ಕೊಡೆ ಹಿಡಿದು ಹೋದೆ. ಮೂರನೇ ಇಯತ್ತೆಯ ಕೋಣೆಯಲ್ಲಿ, ಕಪ್ಪುಹಲಗೆಯ ಪಕ್ಕ, ಒಳ್ಳೇ ಕಟ್ಟು ಹಾಕಿಸಿ ತೂಗುಹಾಕಿದ್ದರು. ಕೆಳಗೆ ಅವರದೇ ದುಂಡಕ್ಷರದಲ್ಲಿ ಒಂದು ಚೀಟಿ, 'ಭತ್ತದ ಹೂವು'. ಹಸುರು ಮಂಜು, ಬಿಳಿ ಮಂಜು, ಮೂಲೆಯಲ್ಲಿ ಸ್ಪಷ್ಟವಾಗಿ ನನ್ನ ಸ್ಟುಡಿಯೋದ ಹೆಸರು. ಅಷ್ಟು ದೂರದಿಂದ ಬಂದ ಹಿರಿಯರ ಮುಂದೆ ಇಲ್ಲಿಯೂ ಯಾರೂ ಏನೂ ಅಂದಿರಲಿಕ್ಕಿಲ್ಲ.

ಈಗ ಅಲ್ಲಿ ಕಲಿಸುವವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಯಾರೆಂದು ತಿಳಿದ ಮೇಲೆ ಅವರ ಮುಖ ಅರಳಿತು. ಮಕ್ಕಳು ಊಟಕ್ಕೆ ಹೋಗಿದ್ದರು.

"ಚೊಲೋ ಆಯ್ತು ನೀವು ಬಂದದ್ದು," ಅಂದರು. "ಮಕ್ಳು ದಿನಾ ಕೇಳ್ತ್ರು, ಇದ್ರಲ್ಲಿ ಹೂ ಎಲ್ಲಿದೆ ಅಂತ. ನಾನು ಎಲ್ಲೋ ಒಂದ್ಕಡೆ ಬೆರಳಿಟ್ಟು ಇಲ್ಲಿ ಅಂತ ಹೇಳ್ತೆ. ಸರಿ ಜಾಗ ಯಾವ್ದು, ನೀವೇ ತೋರ್ಸಿ."

ಹತ್ತಿರ ಹೋದೆ. ಇನ್ನೂ ಹತ್ತಿರ ಹೋದೆ. ಗಾಜಿಗೆ ಮೂಗು ತಾಗುವಷ್ಟು ಹೋಗಿ ಬೆರಳು ಎತ್ತಿದೆ. ಇಡಲು ಜಾಗ ಇರಲಿಲ್ಲ.

"ಕಾಣೂದಿಲ್ಲ ಅಕ್ಕೋರೆ," ಅಂದೆ. "ಇದ್ರಲ್ಲಿ ಹೂ ಬರ್ಲಿಲ್ಲ."

ಹತ್ತು ತಿಂಗಳು ತಡವಾಗಿ, ಬೇರೆ ಅಕ್ಕೋರಿಗೆ.